ಹಳದಿ ದೀಪ ಹೊತ್ತಿದ ಕಾನ್ಸಂಟ್ರೇಟರ್: ಕೈಪಿಡಿ ಹುಡುಕಿ ದೋಷ ಹಿಡಿಯುವ ಬಗೆ

ಸುತ್ತಲಿನ ಗಾಳಿಯಿಂದ ಆಮ್ಲಜನಕ ಬೇರ್ಪಡಿಸಿ ರೋಗಿಗೆ ಕೊಡುವ ಆಕ್ಸಿಜನ್ ಕಾನ್ಸಂಟ್ರೇಟರ್ ಓಡುತ್ತಿದೆ, ಮೂಗಿನ ನಳಿಕೆಯಲ್ಲಿ ಗಾಳಿಯೂ ಬರುತ್ತಿದೆ, ಆದರೆ ಮುಂಭಾಗದಲ್ಲಿ ಹಸಿರು ದೀಪದ ಬದಲು ಹಳದಿ ದೀಪ ಹೊತ್ತಿಕೊಂಡಿದೆ ಎಂಬ ದೂರು ಕೊಡಗಿನಲ್ಲಿ ಮಳೆ ಹಿಡಿದ ಮೇಲೆ ಹೆಚ್ಚಾಗಿ ಕೇಳಿಬರುತ್ತದೆ. ಯಂತ್ರ ನಿಂತೇ ಹೋದರೆ ಮನೆಯವರು ಕೂಡಲೇ ಸಿಲಿಂಡರ್ ತರಿಸುತ್ತಾರೆ; ಹಳದಿ ದೀಪವಾದರೆ ಎರಡು ದಿನ ನೋಡೋಣ ಎಂದು ಬಿಟ್ಟುಬಿಡುತ್ತಾರೆ. ಆ ಎರಡು ದಿನ ರೋಗಿಗೆ ಸಿಗುತ್ತಿರುವುದು ಎಷ್ಟು ಶುದ್ಧತೆಯ ಆಮ್ಲಜನಕ ಎಂಬುದು ಮನೆಯಲ್ಲಿ ಯಾರಿಗೂ ಗೊತ್ತಿರುವುದಿಲ್ಲ. ಆದ್ದರಿಂದ ಮುಂದೆ ಬರೆದಿರುವ ಯಾವ ಕೆಲಸಕ್ಕೂ ಮೊದಲು ರೋಗಿಯನ್ನು ಸಿಲಿಂಡರ್‌ಗೋ ಇನ್ನೊಂದು ಯಂತ್ರಕ್ಕೋ ಬದಲಾಯಿಸಿ, ನೋಡಿಕೊಳ್ಳುತ್ತಿರುವ ವೈದ್ಯರಿಗೆ ತಿಳಿಸಬೇಕು. ಸ್ಕ್ರೂಡ್ರೈವರ್ ಕೈಗೆತ್ತಿಕೊಳ್ಳುವುದು ಆಮೇಲೆ.

ಈ ಬರಹ ಆಸ್ಪತ್ರೆಯ ಅಥವಾ ಆರೈಕೆ ಕೇಂದ್ರದ ಉಪಕರಣಗಳನ್ನು ನೋಡಿಕೊಳ್ಳುವ ತಂತ್ರಜ್ಞರಿಗಾಗಿ ಬರೆದದ್ದು. ಮನೆಯವರು ಓದಿದರೆ ತಪ್ಪೇನಿಲ್ಲ, ಆದರೆ ಹೊರಗವಚ ಬಿಚ್ಚುವ ಭಾಗ ಅವರದ್ದಲ್ಲ. ಹಳದಿ ದೀಪಕ್ಕೆ ಕಾರಣ ಐದಾರು ಇರಬಹುದು. ಐವತ್ತು ರೂಪಾಯಿಯ ಒಳಗಿನ ಕೊಳವೆಯ ಸೋರಿಕೆಯೂ ಇರಬಹುದು, ಯಂತ್ರದ ಬೆಲೆಯಲ್ಲಿ ಅರ್ಧವನ್ನೇ ನುಂಗುವ ಸೀವ್ ಬೆಡ್ (ಗಾಳಿಯ ಸಾರಜನಕ ಹಿಡಿದಿಟ್ಟುಕೊಳ್ಳುವ ಹರಳು ತುಂಬಿದ ಭಾಗ) ಬದಲಾವಣೆಯೂ ಇರಬಹುದು. ಇವೆರಡರಲ್ಲಿ ಯಾವುದು ಎಂದು ಬೇರ್ಪಡಿಸುವುದು ತಂತ್ರಜ್ಞನ ಅನುಭವಕ್ಕಿಂತ ಹೆಚ್ಚಾಗಿ ಆ ಯಂತ್ರದ ಸರ್ವಿಸ್ ಕೈಪಿಡಿಯಲ್ಲಿರುವ ನಾಲ್ಕೈದು ಅಂಕಿಗಳು. ಹಾಗಾಗಿ ಕೈಪಿಡಿ ಹುಡುಕುವುದನ್ನು ನಾನು ದುರಸ್ತಿಯ ಪೂರ್ವಸಿದ್ಧತೆ ಎಂದು ಎಣಿಸುವುದಿಲ್ಲ, ದುರಸ್ತಿಯ ಮೊದಲ ಹಂತ ಎಂದೇ ಎಣಿಸುತ್ತೇನೆ.

ಯಂತ್ರ ಯಾವುದು ಎಂಬುದು ಮೊದಲ ಪ್ರಶ್ನೆ

ಕಳೆದ ಮಳೆಗಾಲದಲ್ಲಿ ಮಡಿಕೇರಿ ಹತ್ತಿರದ ಗಾಳಿಬೀಡಿನ ಕಡೆಯ ಒಂದು ಮನೆಯಿಂದ ಕರೆ ಬಂದಿತ್ತು. ನಿಮಿಷಕ್ಕೆ ಐದು ಲೀಟರ್ ಹರಿವು ಕೊಡುವ ಯಂತ್ರ. ಹಿಂದಿನ ವಾರ ಕರಾವಳಿಯ ಕಡೆಯಿಂದ ಒಬ್ಬ ತಂತ್ರಜ್ಞರು ಬಂದು ತಮ್ಮ ಮೀಟರ್ ಹಿಡಿದು ನೋಡಿ, ಶುದ್ಧತೆ ಶೇ. 73 ಇದೆ, ಸೀವ್ ಬೆಡ್ ಹೋಗಿದೆ, ಅದನ್ನು ಹಾಕಿಸುವುದಕ್ಕಿಂತ ಹೊಸದು ತೆಗೆದುಕೊಳ್ಳುವುದೇ ಲೇಸು ಎಂದು ಹೇಳಿ ಹೋಗಿದ್ದರು. "ಇನ್ನೊಂದು ಸಲ ನೋಡಿ ಸರ್, ಮೂರು ವರ್ಷವೂ ಆಗಿಲ್ಲ ಸರಿಯಾಗಿ ಓಡಿಸಿ" ಎಂದು ಆ ಮನೆಯ ಸೊಸೆ ಹೇಳಿದರು. ಫೋಟೊ ಕಳುಹಿಸಿ ಎಂದಾಗ ಅವರು ಕಳುಹಿಸಿದ್ದು ಯಂತ್ರದ ಮುಂಭಾಗದ ಚಿತ್ರ. ಎಲ್ಲರೂ ಕಳುಹಿಸುವುದು ಅದನ್ನೇ.

ಮುಂಭಾಗದಲ್ಲಿ ದಪ್ಪ ಅಕ್ಷರಗಳಲ್ಲಿ ಇರುವುದು ಮಾರಾಟದ ಹೆಸರು. ಒಂದೇ ಕಾರ್ಖಾನೆಯ ಯಂತ್ರ ನಾಲ್ಕು ಹೆಸರಿನಲ್ಲಿ ಮಾರಾಟವಾಗುತ್ತದೆ, ಒಂದೇ ಹೆಸರಿನಡಿ ಎರಡು ಕಾರ್ಖಾನೆಗಳ ಯಂತ್ರವೂ ಬರುತ್ತದೆ. ಆ ಹೆಸರನ್ನು ಗೂಗಲ್‌ನಲ್ಲಿ ಹಾಕಿ ಹುಡುಕಿದರೆ ಸಿಗುವುದು ಜಾಹೀರಾತು, ಬೆಲೆಪಟ್ಟಿ, ಹೆಚ್ಚೆಂದರೆ ಬಳಕೆದಾರರ ಕೈಪಿಡಿ. ನಮಗೆ ಬೇಕಾದ ವಿವರ ಯಂತ್ರದ ಹಿಂಭಾಗದಲ್ಲಿ, ತಳದಲ್ಲಿ ಅಥವಾ ಫಿಲ್ಟರ್ ಮುಚ್ಚಳದ ಒಳಬದಿಯಲ್ಲಿ ಅಂಟಿಸಿದ ಬೆಳ್ಳಿಬಣ್ಣದ ಲೇಬಲ್‌ನಲ್ಲಿರುತ್ತದೆ. ಅದರಲ್ಲಿ ಹೊಗೆಗೂಡು ಇರುವ ಪುಟ್ಟ ಕಾರ್ಖಾನೆಯ ಚಿತ್ರವೊಂದಿರುತ್ತದೆ. ಅದರ ಪಕ್ಕದಲ್ಲಿರುವುದೇ ನಿಜವಾದ ತಯಾರಕರ ಹೆಸರು ಮತ್ತು ವಿಳಾಸ. ಅದೇ ಬಗೆಯ ಚಿತ್ರದ ಜೊತೆ ತಾರೀಖು ಇದ್ದರೆ ಅದು ತಯಾರಾದ ದಿನ. ಆರ್‌ಇಎಫ್ ಎಂಬ ಚೌಕದ ಮುಂದೆ ಕ್ಯಾಟಲಾಗ್ ಸಂಖ್ಯೆ, ಎಸ್‌ಎನ್ ಎಂಬ ಚೌಕದ ಮುಂದೆ ಕ್ರಮಸಂಖ್ಯೆ. ಈ ಚಿಹ್ನೆಗಳು ಅಂತರರಾಷ್ಟ್ರೀಯ ಮಾನಕಕ್ಕೆ ಸೇರಿದವು. ಲೇಬಲ್ ಚೀನೀ ಭಾಷೆಯಲ್ಲಿದ್ದರೂ ಜರ್ಮನ್ ಭಾಷೆಯಲ್ಲಿದ್ದರೂ ಇವು ಬದಲಾಗುವುದಿಲ್ಲ.

2017ರ ವೈದ್ಯಕೀಯ ಸಾಧನಗಳ ನಿಯಮಗಳ ಪ್ರಕಾರ ಆಮದಾದ ಸಾಧನದ ಲೇಬಲ್ ಮೇಲೆ ಆಮದು ಪರವಾನಗಿ ಸಂಖ್ಯೆ, ಆಮದುದಾರರ ಹೆಸರು, ವಿಳಾಸ, ನಿಜವಾಗಿ ತಯಾರಾದ ಸ್ಥಳ ಎಲ್ಲವೂ ಇರಬೇಕು. ಆದರೆ ಕೋವಿಡ್ ಎರಡನೇ ಅಲೆಯಲ್ಲಿ, 2021ರ ಏಪ್ರಿಲ್ ಕೊನೆಯಿಂದ ಜುಲೈ 31ರವರೆಗೆ, ಸ್ವಂತ ಬಳಕೆಗೆಂದು ವಿದೇಶದಿಂದ ಉಡುಗೊರೆಯಾಗಿ ಕಾನ್ಸಂಟ್ರೇಟರ್ ತರಿಸಿಕೊಳ್ಳಲು ಸರ್ಕಾರ ಅವಕಾಶ ಕೊಟ್ಟಿತ್ತು. ಹೊರದೇಶದಲ್ಲಿ ನೆಂಟರಿರುವ ಕೊಡಗಿನ ಮನೆಗಳಿಗೆ ಹೀಗೆ ಬಂದ ಯಂತ್ರಗಳಲ್ಲಿ ಆಮದುದಾರರ ಹೆಸರೇ ಇರುವುದಿಲ್ಲ. ಅಮೆರಿಕದಿಂದ ಬಂದವುಗಳಲ್ಲಿ ಇನ್ನೊಂದು ತೊಡಕಿದೆ: ಅವು 120 ವೋಲ್ಟ್, 60 ಹರ್ಟ್ಸ್‌ಗೆ ಮಾಡಿದವು. ಟ್ರಾನ್ಸ್‌ಫಾರ್ಮರ್ ಇಟ್ಟು ವೋಲ್ಟೇಜ್ ಇಳಿಸಿಕೊಳ್ಳಬಹುದು, ಆದರೆ ನಮ್ಮ 50 ಹರ್ಟ್ಸ್ ಅನ್ನು ಆ ಟ್ರಾನ್ಸ್‌ಫಾರ್ಮರ್ 60 ಮಾಡಿಕೊಡುವುದಿಲ್ಲ. ಗಾಳಿ ಒತ್ತುವ ಕಂಪ್ರೆಸರ್ ಮೋಟಾರಿನ ವೇಗ ಆರರಲ್ಲಿ ಒಂದು ಪಾಲು ಕುಗ್ಗುತ್ತದೆ, ಗಾಳಿ ಅಷ್ಟೇ ಕಡಿಮೆ ತುಂಬುತ್ತದೆ, ಹಳದಿ ದೀಪ ಹೊತ್ತುತ್ತದೆ. ಅಂಥ ಯಂತ್ರದಲ್ಲಿ ದೋಷವೇ ಇಲ್ಲ, ಆದರೂ ಅದು ಇಲ್ಲಿ ಸರಿಯಾಗಿ ಓಡುವುದಿಲ್ಲ. ಲೇಬಲ್ ಓದದೆ ಬಿಚ್ಚಿದವರು ಇಡೀ ದಿನ ಕಳೆದರೂ ಇದನ್ನು ಕಂಡುಹಿಡಿಯಲಾರರು.

ಗಾಳಿಬೀಡಿನ ಮನೆಯ ಯಂತ್ರ ದುಬೈನಿಂದ ಬಂದದ್ದು, 230 ವೋಲ್ಟ್, 50 ಹರ್ಟ್ಸ್. ಅಲ್ಲಿಗೆ ಒಂದು ಸಂಶಯ ಕಳೆಯಿತು. ಎರಡನೇ ಬಾರಿ ಕಳುಹಿಸಿದ ಫೋಟೊದಲ್ಲಿ ತಳದ ಲೇಬಲ್ ಥಂಡಿಗೆ ಅರ್ಧ ಎದ್ದುಹೋಗಿತ್ತು. ತಯಾರಕರ ಹೆಸರಿನ ಮೊದಲ ಮೂರು ಅಕ್ಷರ ಮತ್ತು ಕ್ಯೂಆರ್ ಬಗೆಯ ಒಂದು ಚೌಕ ಸಂಕೇತ ಮಾತ್ರ ಉಳಿದಿದ್ದವು.

ಆ ಚೌಕ ಸಂಕೇತ ಸಾಕಾಯಿತು. ಫೋನಿನಲ್ಲಿ ಅದನ್ನು ಸ್ಕ್ಯಾನ್ ಮಾಡಿದರೆ ಉದ್ದನೆಯ ಅಂಕಿಗಳ ಸಾಲೊಂದು ಬರುತ್ತದೆ. 01ರ ನಂತರದ ಹದಿನಾಲ್ಕು ಅಂಕಿ ಆ ಮಾದರಿಯ ಗುರುತು. 11ರ ನಂತರ ತಯಾರಿಕೆಯ ದಿನಾಂಕ. 21ರ ನಂತರ ಕ್ರಮಸಂಖ್ಯೆ. ಹದಿನಾಲ್ಕು ಅಂಕಿಯ ಗುರುತನ್ನು ಅಮೆರಿಕದ ಆಹಾರ ಮತ್ತು ಔಷಧ ಆಡಳಿತದ ಆಕ್ಸೆಸ್ ಗುಡಿಡ್ ಎಂಬ ಮುಕ್ತ ದತ್ತಾಂಶದಲ್ಲಿ ಹಾಕಿದರೆ, ಆ ಸಾಧನ ಅಲ್ಲಿ ನೋಂದಾಯಿತವಾಗಿದ್ದ ಪಕ್ಷದಲ್ಲಿ, ಕಂಪನಿಯ ಹೆಸರು, ಮಾದರಿ ಸಂಖ್ಯೆ ಎಲ್ಲವೂ ಸಿಗುತ್ತದೆ. ಇಲ್ಲಿ ಒಂದು ತಪ್ಪು ತಿಳಿವಳಿಕೆ ಚಾಲ್ತಿಯಲ್ಲಿದೆ: ಸಂಕೇತ 890ರಿಂದ ಶುರುವಾದರೆ ಭಾರತದ್ದು, 690ರಿಂದ ಶುರುವಾದರೆ ಚೀನಾದ್ದು ಎಂದು ಅಂಗಡಿಯವರೂ ಹೇಳುತ್ತಾರೆ. ಆ ಅಂಕಿ ತಿಳಿಸುವುದು ಕಂಪನಿ ಯಾವ ದೇಶದ ಸಂಸ್ಥೆಯಲ್ಲಿ ಸಂಕೇತ ಪಡೆದಿದೆ ಎಂಬುದನ್ನು ಮಾತ್ರ. ಯಂತ್ರ ಎಲ್ಲಿ ತಯಾರಾಯಿತು ಎಂಬುದಕ್ಕೂ ಅದಕ್ಕೂ ಸಂಬಂಧವಿಲ್ಲ.

ಕೈಪಿಡಿ ಸಿಗುವ ಜಾಗಗಳು

ಮಾದರಿ ಸಂಖ್ಯೆ ಖಚಿತವಾದ ಮೇಲೆ ಹುಡುಕಾಟ ಸುಲಭ. ಮಾದರಿ ಸಂಖ್ಯೆಯನ್ನು ಇಂಗ್ಲಿಷ್ ಅಕ್ಷರಗಳಲ್ಲಿ, ಉದ್ಧರಣ ಚಿಹ್ನೆಯೊಳಗೆ ಬರೆದು, ಪಕ್ಕದಲ್ಲಿ ಸರ್ವಿಸ್ ಮ್ಯಾನ್ಯುಯಲ್ ಎಂದು ಸೇರಿಸಿ, ಕೊನೆಗೆ ಫೈಲ್‌ಟೈಪ್ ಎಂಬ ಪದ, ಅದಕ್ಕೆ ಅಂಟಿಕೊಂಡಂತೆ ಮೇಲೊಂದು ಕೆಳಗೊಂದು ಚುಕ್ಕೆ (ಕೋಲನ್), ಪಿಡಿಎಫ್ ಎಂದು ಹಾಕಿದರೆ ಜಾಹೀರಾತುಗಳೆಲ್ಲ ಸರಿದು ಕಡತಗಳಷ್ಟೇ ಬರುತ್ತವೆ. ಸರ್ವಿಸ್ ಮ್ಯಾನ್ಯುಯಲ್ ಎಂಬುದಕ್ಕೆ ಫಲ ಸಿಗದಿದ್ದರೆ ಟೆಕ್ನಿಕಲ್ ಮ್ಯಾನ್ಯುಯಲ್, ಮೆಂಟೆನನ್ಸ್ ಗೈಡ್, ಪಾರ್ಟ್ಸ್ ಲಿಸ್ಟ್ ಎಂದು ಬದಲಾಯಿಸಿ ನೋಡಬೇಕು; ಒಂದೊಂದು ಕಂಪನಿ ಒಂದೊಂದು ಹೆಸರಿಟ್ಟಿರುತ್ತದೆ.

ತಯಾರಕರ ಸ್ವಂತ ಜಾಲತಾಣವನ್ನು ಮೊದಲು ನೋಡಬೇಕು, ಅಲ್ಲಿ ಸಿಗದಿದ್ದರೆ ಪತ್ರ ಬರೆಯಬೇಕು. ಬರೆದವರಿಗೆ ಉತ್ತರ ಬರುವುದಿಲ್ಲ ಎಂಬ ನಂಬಿಕೆ ನಮ್ಮ ಕಸುಬಿನವರಲ್ಲಿ ಗಟ್ಟಿಯಾಗಿದೆ; ಕ್ರಮಸಂಖ್ಯೆ, ಲೇಬಲ್‌ನ ಫೋಟೊ, ಯಾವ ಸಂಸ್ಥೆಯಲ್ಲಿ ಬಳಕೆಯಲ್ಲಿದೆ ಎಂಬ ಮೂರನ್ನೂ ಸೇರಿಸಿ ಬರೆದ ಪತ್ರಕ್ಕೆ ಉತ್ತರ ಬಂದದ್ದೂ ಉಂಟು. ಆಮೇಲಿನದು ಸಂಗ್ರಹಗಳು. ಐಫಿಕ್ಸಿಟ್ ಎಂಬ ದುರಸ್ತಿ ಸಂಸ್ಥೆ 2020ರ ಮೇ ತಿಂಗಳಲ್ಲಿ, ಕೋವಿಡ್‌ನ ಮೊದಲ ಅಲೆಯ ನಡುವೆ, ಹದಿಮೂರು ಸಾವಿರಕ್ಕೂ ಹೆಚ್ಚು ಕೈಪಿಡಿಗಳ ವೈದ್ಯಕೀಯ ಸಂಗ್ರಹವನ್ನು ಎಲ್ಲರಿಗೂ ತೆರೆದಿಟ್ಟಿತು. ಆಫ್ರಿಕಾದ ಆಸ್ಪತ್ರೆಗಳಲ್ಲಿ ದುಡಿದ ಜರ್ಮನ್ ತಂತ್ರಜ್ಞರೊಬ್ಬರು ಕಟ್ಟಿದ ಫ್ರಾಂಕ್ಸ್ ಹಾಸ್ಪಿಟಲ್ ವರ್ಕ್‌ಶಾಪ್ ಎಂಬ ತಾಣ ಅದಕ್ಕಿಂತ ಹಳೆಯದು. ಯಾವ ಯಂತ್ರ ಹೇಗೆ ಕೆಲಸ ಮಾಡುತ್ತದೆ ಎಂದು ಮೊದಲಿನಿಂದ ಕಲಿಯಲು ನನಗೆ ಅದರಷ್ಟು ನೆರವಾದದ್ದು ಬೇರೊಂದಿಲ್ಲ. ಕಂಪನಿ ಮುಚ್ಚಿಹೋಗಿ ಜಾಲತಾಣವೇ ಇಲ್ಲವಾಗಿದ್ದರೆ, ಆ ಹಳೆಯ ವಿಳಾಸವನ್ನು ಇಂಟರ್ನೆಟ್ ಆರ್ಕೈವ್‌ನ ವೇಬ್ಯಾಕ್ ಮಷೀನ್‌ನಲ್ಲಿ ಹಾಕಿ ಹಿಂದಿನ ವರ್ಷಗಳ ಪ್ರತಿ ತೆಗೆದು ನೋಡಬಹುದು. ಡೌನ್‌ಲೋಡ್ ಪುಟದ ಕಡತಗಳೂ ಕೆಲವೊಮ್ಮೆ ಉಳಿದಿರುತ್ತವೆ. ವಿಶ್ವ ಆರೋಗ್ಯ ಸಂಸ್ಥೆ 2015ರಲ್ಲಿ ಹೊರತಂದ ಕಾನ್ಸಂಟ್ರೇಟರ್‌ಗಳ ತಾಂತ್ರಿಕ ನಿರ್ದೇಶನ ಯಾವ ಕಂಪನಿಯದ್ದೂ ಅಲ್ಲದ ಕಾರಣ ಎಲ್ಲ ಯಂತ್ರಕ್ಕೂ ಅಳತೆಗೋಲಾಗಿ ಒದಗುತ್ತದೆ: ಯಂತ್ರದಿಂದ ಹೊರಬರುವ ಆಮ್ಲಜನಕ ಶೇ. 82ಕ್ಕಿಂತ ಕೆಳಗಿಳಿಯಬಾರದು ಎಂಬ ಗೆರೆ ಅಲ್ಲಿದೆ.

ಮೊದಲ ಪುಟದಲ್ಲೇ ಕ್ರೆಡಿಟ್ ಕಾರ್ಡ್ ಸಂಖ್ಯೆ ಕೇಳುವ ತಾಣಗಳನ್ನು, ಪಿಡಿಎಫ್ ಎಂದು ಹೇಳಿ ಇನ್‌ಸ್ಟಾಲ್ ಮಾಡುವ ಕಡತ ಇಳಿಸುವ ತಾಣಗಳನ್ನು ಬಿಟ್ಟು ಹೊರಬರಬೇಕು. ಇದರ ಬಗ್ಗೆ ಹೆಚ್ಚು ಹೇಳುವುದು ಬೇಡ.

ಕೈಪಿಡಿ ಸಿಕ್ಕ ಕೂಡಲೇ ಮೊದಲ ಪುಟದ ಪರಿಷ್ಕರಣೆ ಸಂಖ್ಯೆಯನ್ನೂ, ಇದು ಯಾವ ಕ್ರಮಸಂಖ್ಯೆಯಿಂದ ಯಾವುದರವರೆಗಿನ ಯಂತ್ರಕ್ಕೆ ಅನ್ವಯ ಎಂಬ ಸಾಲನ್ನೂ ನೋಡಬೇಕು. ಅದೇ ಮಾದರಿಯ ಹೆಸರಿನಲ್ಲಿ ಕಂಪನಿ ನಡುವೆ ವಾಲ್ವ್ ಬದಲಾಯಿಸಿರುತ್ತದೆ, ಸರ್ಕ್ಯೂಟ್ ಬೋರ್ಡ್ ಬದಲಾಯಿಸಿರುತ್ತದೆ. ಹಳೆಯ ಕೈಪಿಡಿಯ ಒತ್ತಡದ ಅಂಕಿ ಹೊಸ ಯಂತ್ರಕ್ಕೆ ಹೊಂದುವುದಿಲ್ಲ. ಕೈಪಿಡಿ ಬೇರೆ ಭಾಷೆಯಲ್ಲಿದ್ದರೆ ಫೋನಿನ ಅನುವಾದ ಆ್ಯಪ್ ವಾಕ್ಯಗಳ ಮಟ್ಟಿಗೆ ಸಾಕು, ಅಂಕಿಯನ್ನು ಮಾತ್ರ ಮೂಲದಲ್ಲೇ ಓದಬೇಕು. ಒಂದು ಬಾರ್ ಎಂದರೆ 100 ಕಿಲೊಪ್ಯಾಸ್ಕಲ್, 14.5 ಪಿಎಸ್‌ಐ. ಈ ಮೂರನ್ನು ಅದಲು ಬದಲು ಮಾಡಿ ಸರಿಯಾಗಿದ್ದ ರೆಗ್ಯುಲೇಟರ್ ಅನ್ನು ತಿರುಗಿಸಿ ಕೆಡಿಸಿದ ಯಂತ್ರ ನನ್ನ ಮೇಜಿಗೂ ಬಂದಿದೆ.

ಇನ್ನೊಂದು ಹುಡುಕಾಟವನ್ನು ಬಹಳ ಮಂದಿ ಮರೆಯುತ್ತಾರೆ. ಮಾದರಿಯ ಹೆಸರಿನ ಜೊತೆ ರಿಕಾಲ್ ಎಂದು ಸೇರಿಸಿ ನೋಡಬೇಕು. 2021ರ ಜೂನ್‌ನಲ್ಲಿ ಫಿಲಿಪ್ಸ್ ಕಂಪನಿ ಮುಖವಾಡದ ಮೂಲಕ ಒತ್ತಡದಲ್ಲಿ ಗಾಳಿ ಕೊಡುವ ತನ್ನ ಹಲವು ಸಿಪ್ಯಾಪ್, ಬೈಪ್ಯಾಪ್ ಯಂತ್ರಗಳನ್ನು ಹಿಂಪಡೆಯುವುದಾಗಿ ಪ್ರಕಟಿಸಿತು. ಸದ್ದು ತಗ್ಗಿಸಲು ಒಳಗಿಟ್ಟಿದ್ದ ಫೋಮ್ ಕಾಲಕ್ರಮೇಣ ಪುಡಿಯಾಗಿ ಉಸಿರಿನ ದಾರಿಗೆ ಸೇರುವ ಅಪಾಯವಿತ್ತು. ಅಂಥ ಯಂತ್ರದ ಕೊಳವೆಯಲ್ಲಿ ಕಪ್ಪು ಪುಡಿ ಕಂಡರೆ ಒರೆಸಿ ಕೊಡುವುದು ದುರಸ್ತಿಯಾಗುವುದಿಲ್ಲ.

ಇದೆಲ್ಲವನ್ನೂ ಹೊರಡುವ ಮೊದಲೇ ಮುಗಿಸಿಕೊಳ್ಳಬೇಕು. ಜುಲೈನಲ್ಲಿ ಕಂಬ ಬಿದ್ದು ಕರೆಂಟ್ ಹೋದರೆ ಸ್ವಲ್ಪ ಹೊತ್ತಿಗೆ ಟವರಿನ ಬ್ಯಾಟರಿಯೂ ಇಳಿಯುತ್ತದೆ; ರೋಗಿಯ ಮಂಚದ ಪಕ್ಕ ಕುಳಿತು ಕೈಪಿಡಿ ಹುಡುಕುತ್ತೇನೆ ಎಂದುಕೊಂಡರೆ ಸಿಗ್ನಲ್‌ಗಾಗಿ ಕಣ ದಾಟಿ ಗುಡ್ಡ ಹತ್ತಬೇಕಾಗುತ್ತದೆ. ಕಡತವನ್ನು ಫೋನಿಗೆ ಇಳಿಸಿಕೊಂಡು, ಬೇಕಾದ ಎಂಟು ಹತ್ತು ಪುಟಗಳನ್ನು ಮಡಿಕೇರಿಯಲ್ಲೋ ಕುಶಾಲನಗರದಲ್ಲೋ ಪ್ರಿಂಟ್ ತೆಗೆಸಿಕೊಂಡೇ ನಾನು ಹೋಗುವುದು.

ಮೀಟರ್ ಮೇಲೆಯೇ ಮೊದಲ ಸಂಶಯ

ಯಂತ್ರ ಮಾಡುವ ಕೆಲಸವನ್ನು ಎರಡು ಮಾತಿನಲ್ಲಿ ಹೇಳಿಬಿಡುತ್ತೇನೆ. ಗಾಳಿಯಲ್ಲಿ ಶೇ. 78 ಸಾರಜನಕ, ಶೇ. 20.9 ಆಮ್ಲಜನಕ, ಶೇ. 1ರಷ್ಟು ಆರ್ಗಾನ್ ಇದೆ. ಕಂಪ್ರೆಸರ್ ಈ ಗಾಳಿಯನ್ನು ಒತ್ತಿ ಝಿಯೊಲೈಟ್ ಹರಳು ತುಂಬಿದ ಸೀವ್ ಬೆಡ್‌ನೊಳಗೆ ನುಗ್ಗಿಸುತ್ತದೆ. ಒತ್ತಡದಲ್ಲಿ ಸಾರಜನಕ ಹರಳಿಗೆ ಅಂಟಿಕೊಳ್ಳುತ್ತದೆ, ಆಮ್ಲಜನಕ ಮುಂದೆ ಹೋಗುತ್ತದೆ. ಒಂದು ಬೆಡ್ ತುಂಬುವ ಹೊತ್ತಿಗೆ ವಾಲ್ವ್ ತಿರುಗಿ ಇನ್ನೊಂದು ಬೆಡ್‌ಗೆ ಗಾಳಿ ಹೋಗುತ್ತದೆ, ಮೊದಲಿನದು ಸಾರಜನಕವನ್ನು ಹೊರಗೆ ಉಸಿರುತ್ತದೆ. ಆರ್ಗಾನ್ ಮಾತ್ರ ಆಮ್ಲಜನಕದ ಜೊತೆಗೇ ಸಾಗುವುದರಿಂದ ಎಷ್ಟು ಒಳ್ಳೆಯ ಯಂತ್ರವಾದರೂ ಶೇ. 95–96 ದಾಟುವುದಿಲ್ಲ. ಮೀಟರ್ 98 ತೋರಿಸಿದರೆ ಯಂತ್ರವನ್ನು ಹೊಗಳಬಾರದು, ಮೀಟರನ್ನು ಸಂಶಯಿಸಬೇಕು.

ಗಾಳಿಬೀಡಿನಲ್ಲಿ ಮೊದಲ ಉತ್ತರ ಸಿಕ್ಕಿದ್ದು ಯಂತ್ರದ ಕೈಪಿಡಿಯಿಂದಲ್ಲ, ಮೀಟರಿನ ಕೈಪಿಡಿಯಿಂದ. ನಾವು ಸಾಮಾನ್ಯವಾಗಿ ಕೊಂಡೊಯ್ಯುವ ಆಕ್ಸಿಜನ್ ಅನಲೈಜರ್‌ನಲ್ಲಿ, ಅಂದರೆ ಶುದ್ಧತೆಯ ಮೀಟರಿನಲ್ಲಿ, ಆಮ್ಲಜನಕ ತಾಗಿದರೆ ವಿದ್ಯುತ್ ಹುಟ್ಟಿಸುವ ಗ್ಯಾಲ್ವನಿಕ್ ಸೆಲ್ ಇರುತ್ತದೆ. ಅದು ತೋರಿಸುವುದು ಶೇಕಡಾವಾರು ಎಂದು ನಾವು ಓದಿಕೊಳ್ಳುತ್ತೇವೆ. ನಿಜವಾಗಿ ಅದು ಅಳೆಯುವುದು ಆಮ್ಲಜನಕದ ಆಂಶಿಕ ಒತ್ತಡವನ್ನು, ಅಂದರೆ ಒಟ್ಟು ವಾಯುಭಾರದಲ್ಲಿ ಆಮ್ಲಜನಕದ ಪಾಲನ್ನು. ಸಮುದ್ರಮಟ್ಟದಲ್ಲಿ ವಾಯುಭಾರ ಸುಮಾರು 101 ಕಿಲೊಪ್ಯಾಸ್ಕಲ್. ಮಡಿಕೇರಿಯ ಆಸುಪಾಸಿನ ಸುಮಾರು 1,150 ಮೀಟರ್ ಎತ್ತರದಲ್ಲಿ ಅದು 88ರಷ್ಟು, ಅಂದರೆ ಶೇ. 13ರಷ್ಟು ಕಡಿಮೆ. ಮಂಗಳೂರಿನ ಅಂಗಡಿಯಲ್ಲಿ 20.9ಕ್ಕೆ ಹೊಂದಿಸಿದ ಮೀಟರನ್ನು ಸಂಪಾಜೆ ಘಾಟಿ ಹತ್ತಿಸಿ ತಂದು ಹಾಗೆಯೇ ಹಿಡಿದರೆ ಬರುವ ಎಲ್ಲ ಅಂಕಿಯೂ ಅದೇ ಪ್ರಮಾಣದಲ್ಲಿ ಕುಗ್ಗಿರುತ್ತದೆ. ಶೇ. 93 ಕೊಡುವ ಆರೋಗ್ಯವಂತ ಯಂತ್ರ 81 ತೋರಿಸುತ್ತದೆ; 82ರ ಗೆರೆಗಿಂತ ಕೆಳಗೆ! ಬಳಸುವ ಜಾಗದಲ್ಲೇ ಕ್ಯಾಲಿಬ್ರೇಟ್ ಮಾಡಬೇಕು ಎಂದು ಮೀಟರಿನ ಕೈಪಿಡಿಯಲ್ಲಿ ಸ್ಪಷ್ಟವಾಗಿ ಬರೆದಿತ್ತು. ನನ್ನ ಮೀಟರನ್ನು ಆ ಮನೆಯ ಜಗಲಿಯಲ್ಲಿ ಹೊಂದಿಸಿ, ಯಂತ್ರವನ್ನು ಅರ್ಧ ಗಂಟೆ ಓಡಿಸಿದ ಮೇಲೆ ಐದು ಲೀಟರ್ ಹರಿವಿನಲ್ಲಿ ಹಿಡಿದಾಗ 84 ಬಂತು. ಹಿಂದಿನವರು ಕಂಡ 73 ಅಂಕಿಯನ್ನು 0.87ರಿಂದ ಭಾಗಿಸಿ ನೋಡಿ, ಅದೇ 84.

ಮಳೆ ಸುರಿಯುವ ಕಕ್ಕಡ ತಿಂಗಳ ತೇವದ ಗಾಳಿಯಲ್ಲಿ ಹೊಂದಿಸುವಾಗ ಸಣ್ಣದೊಂದು ತಿದ್ದುಪಡಿಯೂ ಬೇಕು. ನೀರಾವಿ ತುಂಬಿದ ಗಾಳಿಯಲ್ಲಿ ಆಮ್ಲಜನಕದ ನಿಜವಾದ ಪಾಲು 20.9 ಇರುವುದಿಲ್ಲ, 20.4ರ ಹತ್ತಿರ ಇರುತ್ತದೆ. ಇದನ್ನು ಗಮನಿಸದೆ ಹೊಂದಿಸಿದ ಮೀಟರ್ ಎರಡು ಅಂಕಿಯಷ್ಟು ಹೆಚ್ಚು ತೋರಿಸುತ್ತದೆ. ಶಬ್ದತರಂಗದಿಂದ ಅಳೆಯುವ ಅಲ್ಟ್ರಾಸಾನಿಕ್ ಮೀಟರ್ ಇದ್ದವರಿಗೆ ಎತ್ತರದ ಈ ತಾಪತ್ರಯ ಬಹುಮಟ್ಟಿಗೆ ಇಲ್ಲ. ಎತ್ತರದಿಂದ ಯಂತ್ರವೇ ಸೋಲುತ್ತದೆ ಎಂಬ ಮಾತನ್ನು ಮಾತ್ರ ನಮ್ಮ ಜಿಲ್ಲೆಯಲ್ಲಿ ಒಪ್ಪುವುದು ಕಷ್ಟ. ವಿಶ್ವ ಆರೋಗ್ಯ ಸಂಸ್ಥೆಯ ನಿರ್ದೇಶನ 2,000 ಮೀಟರ್‌ವರೆಗೂ ಯಂತ್ರ ಕೆಲಸ ಮಾಡಬೇಕು ಎನ್ನುತ್ತದೆ, ತಡಿಯಂಡಮೋಳ್ ಶಿಖರವೇ ಅಷ್ಟು ಎತ್ತರವಿಲ್ಲ.

84 ಎಂಬುದು ಸತ್ತ ಸೀವ್ ಬೆಡ್‌ನ ಅಂಕಿಯಾಗಿರಲಿಲ್ಲ. ಸರ್ವಿಸ್ ಕೈಪಿಡಿಯ ಪ್ರಕಾರ ಆ ಮಾದರಿಯಲ್ಲಿ ಹಳದಿ ದೀಪ ಹೊತ್ತುವುದು ಶೇ. 85ಕ್ಕಿಂತ ಕೆಳಗೆ. ಹರಿವನ್ನು ಎರಡು ಲೀಟರಿಗೆ ಇಳಿಸಿದಾಗ ಶುದ್ಧತೆ 92ಕ್ಕೆ ಏರಿತು, ದೀಪ ಹಸಿರಾಯಿತು. ಇದು ಬಹಳ ಬೆಲೆಯುಳ್ಳ ಸುಳಿವು. ಕಡಿಮೆ ಹರಿವಿನಲ್ಲಿ ಚೆನ್ನಾಗಿದ್ದು ಹೆಚ್ಚು ಹರಿವಿನಲ್ಲಿ ಕುಸಿದರೆ ಬೆಡ್‌ಗೆ ಗಾಳಿ ಸಾಲುತ್ತಿಲ್ಲವೇ, ದಾರಿಯಲ್ಲಿ ಸೋರುತ್ತಿದೆಯೇ ಎಂದು ಮೊದಲು ನೋಡಬೇಕು. ಬೆಡ್ ಸವೆಯತೊಡಗಿದಾಗಲೂ ಹೀಗೆ ಆಗಬಹುದು, ಆದರೆ ಆ ತೀರ್ಮಾನ ಕೊನೆಗೆ ಬರಬೇಕಾದದ್ದು. ಎರಡು ಲೀಟರಿನಲ್ಲೂ ಶುದ್ಧತೆ ಏಳದಿದ್ದರೆ ಬೆಡ್ ಅಥವಾ ವಾಲ್ವ್ ಮೇಲೆ ಸಂಶಯ ಬಲವಾಗುತ್ತದೆ.

ಹೊರಗಿನಿಂದ ಒಳಕ್ಕೆ

ರೋಗಿಯ ಕಡೆಯಿಂದ ಶುರು ಮಾಡಿದೆ. ನಳಿಕೆಯ ತುದಿಯನ್ನು ಒಂದು ಲೋಟ ನೀರಿನಲ್ಲಿ ಅದ್ದಿದರೆ ಗುಳ್ಳೆ ಏಳಬೇಕು. ಏಳದಿದ್ದರೆ ಆಮ್ಲಜನಕಕ್ಕೆ ತೇವ ಸೇರಿಸುವ ಹ್ಯುಮಿಡಿಫೈಯರ್ ಬಾಟಲಿಯ ಮುಚ್ಚಳ ಓರೆಯಾಗಿ ಕೂತಿದೆ, ಇಲ್ಲವೇ ನಳಿಕೆ ಎಲ್ಲೋ ಮಡಿಚಿದೆ ಎಂದು ತಿಳಿಯಬೇಕು. ಇಲ್ಲಿ ಗುಳ್ಳೆ ಸರಿಯಾಗಿತ್ತು. ಶುದ್ಧತೆಯನ್ನು ಯಾವಾಗಲೂ ಬಾಟಲಿ ತೆಗೆದು ಯಂತ್ರದ ಬಾಯಲ್ಲೇ ಅಳೆಯಬೇಕು.

ಆಮೇಲೆ ಕರೆಂಟು. ಯಂತ್ರ ಓಡುತ್ತಿರುವಾಗಲೇ ಪಕ್ಕದ ಪ್ಲಗ್ಗಿನಲ್ಲಿ ಮಲ್ಟಿಮೀಟರ್ ಹಿಡಿದು ನೋಡಬೇಕು; ನಿಂತಿರುವಾಗಿನ ಅಂಕಿ ನಂಬುವಂಥದ್ದಲ್ಲ. 230 ವೋಲ್ಟಿಗೆ ಶೇ. 10 ಮೇಲೆ ಕೆಳಗೆ, ಅಂದರೆ 207ರಿಂದ 253ರವರೆಗೆ ನಡೆಯುತ್ತದೆ. ತೋಟದ ನಡುವಿನ ಒಂಟಿಮನೆಗೆ ಲೈನಿನ ಕೊನೆಯ ಕಂಬದಿಂದ ಬರುವ ಕರೆಂಟಿನಲ್ಲಿ, ಅದರಲ್ಲೂ ಸಂಜೆಯ ಹೊತ್ತು, ಇದಕ್ಕಿಂತ ಕಡಿಮೆ ಇರುವುದುಂಟು. ಕಂಪ್ರೆಸರ್ ಆಗ ಕುಂಟುತ್ತದೆ, ಬಿಸಿಯಾಗುತ್ತದೆ. ಈ ಮನೆಯಲ್ಲಿ 214 ಇತ್ತು, ತೃಪ್ತಿಕರವಲ್ಲದಿದ್ದರೂ ಮಿತಿಯೊಳಗೆ.

ಮೂರನೆಯದು ಗಾಳಿ ಒಳಹೋಗುವ ದಾರಿ. ಹಿಂಬದಿಯ ಫೋಮ್ ಫಿಲ್ಟರನ್ನು ವಾರಕ್ಕೊಮ್ಮೆ ತೊಳೆಯುತ್ತೇನೆ ಎಂದು ಸೊಸೆ ಹೇಳಿದರು. ಫಿಲ್ಟರ್ ನಿಜಕ್ಕೂ ಚೊಕ್ಕಟವಾಗಿತ್ತು, ಆದರೆ ಮೂಸಿದರೆ ಹೊಗೆಯ ವಾಸನೆ.

"ಒಣಗಿಸುವುದು ಎಲ್ಲಿ ಅಕ್ಕ?" ಎಂದು ಕೇಳಿದೆ.

"ಈ ಮಳೆಯಲ್ಲಿ ಇನ್ನೆಲ್ಲಿ ಸರ್, ಒಲೆಯ ಮೇಲೆ ಕಟ್ಟಿದ ತಂತಿಯಲ್ಲೇ. ಪೂರ್ತಿ ಒಣಗುವವರೆಗೆ ಮಾವ ತಡೆಯೋದಿಲ್ಲ, ಸ್ವಲ್ಪ ಹಸಿ ಇದ್ದರೂ ಹಾಕಿಬಿಡ್ತೇನೆ."

ಅವರಿಗೆ ಸಿಕ್ಕಿದ್ದ ಬಳಕೆದಾರರ ಕೈಪಿಡಿಯಲ್ಲಿ ಇದ್ದದ್ದು ಈ ಹೊರಗಿನ ಫಿಲ್ಟರ್ ಒಂದೇ. ಸರ್ವಿಸ್ ಕೈಪಿಡಿಯ ಬಿಡಿಭಾಗಗಳ ಚಿತ್ರದಲ್ಲಿ ಮಾತ್ರ ಇನ್ನೊಂದು ಫಿಲ್ಟರ್ ಕಂಡಿತು: ಕವಚದ ಒಳಗೆ, ಕಂಪ್ರೆಸರ್‌ನ ಬಾಯಿಗೆ ಸೇರುವ ಕೊಳವೆಯಲ್ಲಿ, ಬೆಂಕಿಪೊಟ್ಟಣದ ಗಾತ್ರದ, ಒತ್ತಿದ ಉಣ್ಣೆಯಂಥ ಬಟ್ಟೆಯ ಒಂದು ಫೆಲ್ಟ್ ಡಬ್ಬಿ. ತೊಳೆಯುವಂಥದ್ದಲ್ಲ, ಅವಧಿಗೊಮ್ಮೆ ಬದಲಾಯಿಸುವಂಥದ್ದು. ಪ್ಲಗ್ ಕಿತ್ತು, ಕಂಪ್ರೆಸರ್‌ನ ಕೆಪಾಸಿಟರ್ ಡಿಸ್ಚಾರ್ಜ್ ಮಾಡಿ, ಕವಚ ತೆಗೆದು ನೋಡಿದಾಗ ಬಿಳಿಯಿರಬೇಕಿದ್ದ ಫೆಲ್ಟ್ ಅಟ್ಟದ ಮಸಿಯಂತೆ ಕಪ್ಪಾಗಿ, ಬೆರಳಿಗೆ ಜಿಗುಟಾಗಿ ಅಂಟುತ್ತಿತ್ತು. ಮೂರು ಮಳೆಗಾಲದ ಒಲೆಯ ಹೊಗೆ, ಮೂರು ಬೇಸಿಗೆಯ ಕಾಫಿ ಕಣದ ದೂಳು, ಅದರ ಮೇಲೆ ಒದ್ದೆ ಫೋಮಿನ ತೇವ ಸೇರಿ ಅದು ಗಾಳಿ ಬಿಡದ ಬಿರಡೆಯಾಗಿತ್ತು. ರೋಗಿ ಬಳಸದಿದ್ದ ಆ ಹೊತ್ತಿನಲ್ಲಿ, ಪರೀಕ್ಷೆಗೆಂದು ಮಾತ್ರ, ಆ ಡಬ್ಬಿಯನ್ನು ತೆಗೆದು ಎರಡು ನಿಮಿಷ ಓಡಿಸಿದಾಗ ಬೆಡ್‌ನ ಗರಿಷ್ಠ ಒತ್ತಡ ಕೈಪಿಡಿಯ ಅಂಕಿಗೆ ಬಹುಪಾಲು ಏರಿತು. ಬಹುಪಾಲು, ಪೂರ್ತಿ ಅಲ್ಲ.

ಉಳಿದ ಕೊರತೆಗೆ ಸೋರಿಕೆ ಹುಡುಕಬೇಕಾಯಿತು. ಸಾಬೂನಿನ ನೊರೆಯನ್ನು ಸಣ್ಣ ಕುಂಚದಲ್ಲಿ, ಸರ್ಕ್ಯೂಟ್ ಬೋರ್ಡಿಗೆ ಹನಿ ಬೀಳದಂತೆ, ಒಂದೊಂದೇ ಜೋಡಣೆಗೆ ಹಚ್ಚುತ್ತ ಹೋದಾಗ ಕಂಪ್ರೆಸರ್‌ನಿಂದ ವಾಲ್ವ್‌ಗೆ ಹೋಗುವ ಕೊಳವೆಯ ಕ್ಲಿಪ್ಪಿನಲ್ಲಿ ಗುಳ್ಳೆ ಸಾಲಾಗಿ ಎದ್ದವು. ಕಾವಿಗೆ ಕೊಳವೆಯ ತುದಿ ಗಡುಸಾಗಿ ಬಿರುಕು ಬಿಟ್ಟಿತ್ತು. ಅರ್ಧ ಇಂಚು ಕತ್ತರಿಸಿ ಹೊಸ ಕ್ಲಿಪ್ ಹಾಕಿದೆ. ಇಂಥಲ್ಲಿ ಗ್ರೀಸ್, ಎಣ್ಣೆ, ವ್ಯಾಸಲಿನ್ ಯಾವುದನ್ನೂ ಹಚ್ಚಬಾರದು. ಆಮ್ಲಜನಕದ ದಾರಿಯಲ್ಲಿ ಜಿಡ್ಡು ಸೇರಿದರೆ ಬೆಂಕಿಗೆ ದಾರಿ ಮಾಡಿಕೊಟ್ಟಂತೆ.

ಸೀವ್ ಬೆಡ್ ನಿಜವಾಗಿಯೂ ಹೋಗಿದೆಯೇ ಎಂದು ಹೇಳುವ ಗುರುತುಗಳೂ ಇವೆ. ಹೊರಬರುವ ಕೊಳವೆಯಲ್ಲೋ ಕೊನೆಯ ಫಿಲ್ಟರಿನಲ್ಲೋ ಬಿಳಿ ಪುಡಿ ಕಂಡರೆ ಹರಳು ಒಡೆದು ಪುಡಿಯಾಗುತ್ತಿದೆ ಎಂದರ್ಥ. ಝಿಯೊಲೈಟ್‌ಗೆ ನೀರಿನ ಮೇಲಿರುವ ಆಸೆ ಸಾರಜನಕದ ಮೇಲಿರುವುದಕ್ಕಿಂತ ಹೆಚ್ಚು. ಒಮ್ಮೆ ತೇವ ಹಿಡಿದರೆ ಸಲೀಸಾಗಿ ಬಿಡುವುದಿಲ್ಲ. ಹಾಗಾಗಿ ಬಳಸದೆ ಮೂಲೆಯಲ್ಲಿಟ್ಟ ಯಂತ್ರ ನಮ್ಮ ಮಳೆಗಾಲದಲ್ಲಿ ಓಡುತ್ತಿರುವ ಯಂತ್ರಕ್ಕಿಂತ ಬೇಗ ಕೆಡುತ್ತದೆ. ವಾಲ್ವ್‌ನ ಆರೋಗ್ಯವನ್ನು ಕಿವಿಯಲ್ಲೇ ಹಿಡಿಯಬಹುದು: ಎರಡೂ ಬೆಡ್‌ಗಳ ನಿಟ್ಟುಸಿರು ಒಂದೇ ಅಂತರದಲ್ಲಿ, ಒಂದೇ ಉದ್ದದಲ್ಲಿ ಕೇಳಬೇಕು. ಒಂದು ಉದ್ದ, ಒಂದು ಮೊಟಕು ಎಂದಾದರೆ ಒಂದು ಕಡೆಯ ವಾಲ್ವ್ ಸಿಕ್ಕಿಹಾಕಿಕೊಂಡಿದೆ. ಈ ಯಂತ್ರದಲ್ಲಿ ಪುಡಿಯೂ ಇರಲಿಲ್ಲ, ಉಸಿರೂ ಸಮವಾಗಿತ್ತು.

ಬಿಡಿಭಾಗ, ಮತ್ತು ಬಿಚ್ಚಬಾರದವು

ಕೈಪಿಡಿಯ ಕೊನೆಯ ಪಟ್ಟಿಯಲ್ಲಿದ್ದ ಭಾಗಸಂಖ್ಯೆಯನ್ನು ಹಾಕಿ ಹುಡುಕಿದಾಗ ಅದೇ ಫೆಲ್ಟ್ ಫಿಲ್ಟರ್ ಬೇರೆ ಎರಡು ಹೆಸರಿನ ಯಂತ್ರಗಳಿಗೂ ಹೋಗುತ್ತದೆ ಎಂದು ತಿಳಿಯಿತು. ಬೆಂಗಳೂರಿನಿಂದ ಪಾರ್ಸೆಲ್ ಬರಲು ಐದು ದಿನ ಹಿಡಿಯಿತು. ಆ ಐದು ದಿನ ರೋಗಿ ಸಿಲಿಂಡರ್ ಮತ್ತು ಎರವಲು ಯಂತ್ರದಲ್ಲಿದ್ದರು. ಹತ್ತಿ ತುರುಕಿ ಓಡಿಸಬಹುದಲ್ಲ ಎಂದು ಮನೆಯವರೊಬ್ಬರು ಕೇಳಿದರು. ಹತ್ತಿಯ ಎಳೆ ಕಂಪ್ರೆಸರ್‌ನೊಳಗೆ ಹೋದರೆ ಇವತ್ತಿಲ್ಲದ ದೋಷವೊಂದನ್ನು ನಾವೇ ಹುಟ್ಟಿಸಿದಂತೆ ಎಂದು ವಿವರಿಸಬೇಕಾಯಿತು.

ಮಾದರಿಯ ಕೈಪಿಡಿ ಎಲ್ಲೂ ಸಿಗದಿದ್ದರೆ ಇದೇ ದಾರಿಯನ್ನು ತಿರುವುಮುರುವಾಗಿ ಹಿಡಿಯಬಹುದು. ಕಂಪ್ರೆಸರ್ ಮೇಲೆ, ವಾಲ್ವ್ ಮೇಲೆ ಅವುಗಳದ್ದೇ ಲೇಬಲ್ ಇರುತ್ತದೆ. ಆ ಭಾಗಗಳ ತಯಾರಕರು ಪ್ರಕಟಿಸಿದ ವಿವರಪತ್ರ ಸಿಕ್ಕರೆ ವೋಲ್ಟೇಜ್, ಒತ್ತಡ, ಕೆಪಾಸಿಟರ್‌ನ ಅಳತೆ ಇಷ್ಟಾದರೂ ತಿಳಿಯುತ್ತದೆ.

ಕೈಪಿಡಿ ಸಿಕ್ಕಿತು ಎಂಬ ಒಂದೇ ಕಾರಣಕ್ಕೆ ಎಲ್ಲವನ್ನೂ ಬಿಚ್ಚಲು ಹೊರಡಬಾರದು. ಹೃದಯಕ್ಕೆ ವಿದ್ಯುತ್ ಆಘಾತ ಕೊಡುವ ಡಿಫಿಬ್ರಿಲೇಟರ್‌ನ ಕೆಪಾಸಿಟರ್ 360 ಜೂಲ್‌ವರೆಗಿನ ಶಕ್ತಿ ಹಿಡಿದಿಟ್ಟುಕೊಳ್ಳುತ್ತದೆ, ಸ್ವಿಚ್ ಆರಿಸಿದ ಮೇಲೂ. ಎಕ್ಸ್‌ರೇ ಯಂತ್ರ ಅಣುಶಕ್ತಿ ನಿಯಂತ್ರಣ ಮಂಡಳಿಯ ನಿಯಮಗಳಡಿ ಬರುತ್ತದೆ. ವೆಂಟಿಲೇಟರ್ ದುರಸ್ತಿಯಾದ ಮೇಲೆ ಅದನ್ನು ಪರೀಕ್ಷಿಸುವ ಅಳತೆಯ ಸಾಧನ ನಮ್ಮಲ್ಲಿ ಇಲ್ಲದಿದ್ದರೆ ಆ ದುರಸ್ತಿಗೆ ಕೈಹಾಕುವ ಅರ್ಹತೆಯೂ ನಮಗಿಲ್ಲ. ಸರ್ಕಾರಿ ಆಸ್ಪತ್ರೆಯ ಉಪಕರಣವಾದರೆ 2015ರಲ್ಲಿ ರಾಷ್ಟ್ರೀಯ ಆರೋಗ್ಯ ಅಭಿಯಾನದಡಿ ರೂಪಿಸಿದ ಉಪಕರಣ ನಿರ್ವಹಣಾ ಕಾರ್ಯಕ್ರಮವಿದೆ. ಜಿಲ್ಲಾ ಆಸ್ಪತ್ರೆಯಲ್ಲಿ ಶೇ. 95, ಸಮುದಾಯ ಆರೋಗ್ಯ ಕೇಂದ್ರದಲ್ಲಿ ಶೇ. 90, ಪ್ರಾಥಮಿಕ ಆರೋಗ್ಯ ಕೇಂದ್ರದಲ್ಲಿ ಶೇ. 80ರಷ್ಟು ಹೊತ್ತು ಯಂತ್ರಗಳು ಸುಸ್ಥಿತಿಯಲ್ಲಿರಬೇಕು ಎಂಬುದು ಅದರ ಗುರಿ. ಅಂಥಲ್ಲಿ ದೂರು ದಾಖಲಿಸುವುದು ಮೊದಲು, ಕೈಪಿಡಿ ಹುಡುಕಿಟ್ಟುಕೊಳ್ಳುವುದು ಬರುವವರ ಕೆಲಸ ಹಗುರವಾಗಲಿ ಎಂದು.

ಆರನೆಯ ದಿನ ಹೊಸ ಫೆಲ್ಟ್ ಹಾಕಿ, ಜಗಲಿಯಲ್ಲಿ ಮತ್ತೊಮ್ಮೆ ಮೀಟರ್ ಹೊಂದಿಸಿ, ಒಂದು ಗಂಟೆ ಓಡಿಸಿ ನೋಡಿದೆ. ಐದು ಲೀಟರಿನಲ್ಲಿ 93, ಎರಡು ಲೀಟರಿನಲ್ಲಿ 94. ತಾರೀಖು, ವೋಲ್ಟೇಜ್, ಒತ್ತಡ, ಶುದ್ಧತೆ, ಮೀಟರ್ ಹೊಂದಿಸಿದ ಜಾಗ, ಫಿಲ್ಟರಿನ ಭಾಗಸಂಖ್ಯೆ ಇಷ್ಟನ್ನೂ ಒಂದು ಹಾಳೆಯಲ್ಲಿ ಬರೆದು, ಸರ್ವಿಸ್ ಕೈಪಿಡಿಯ ಪ್ರಿಂಟ್ ಜೊತೆಗೆ ಪ್ಲಾಸ್ಟಿಕ್ ಚೀಲದಲ್ಲಿ ಹಾಕಿ ಯಂತ್ರದ ಪಕ್ಕಕ್ಕೆ ಅಂಟಿಸಿದೆ. ಎರಡನೆಯ ಫೋಮ್ ಫಿಲ್ಟರ್ ಒಂದನ್ನೂ ಕೊಟ್ಟು ಬಂದೆ. ಒಂದು ಫಿಲ್ಟರ್ ಒಲೆಯಿಂದ ದೂರದ ಕೋಣೆಯಲ್ಲಿ ಒಣಗುವವರೆಗೆ ಇನ್ನೊಂದು ಫಿಲ್ಟರ್ ಯಂತ್ರದಲ್ಲಿರುತ್ತದೆ.